ನಿಂತ ಗಾಡಿಯನ್ನು ನಿಲ್ಲಲು ಬಿಡಿ

ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವ ಗಾಡಿಯನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟರೆ ಎಂಜಿನ್ ಕೆಡುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದೆ. ಮಕ್ಕಳು ಹೊರದೇಶದಲ್ಲಿರುವ ಎಷ್ಟೋ ಮನೆಗಳಲ್ಲಿ ಅವರು ಬಿಟ್ಟುಹೋದ ಕಾರಿನ ಕೀಲಿ ತಿರುಗಿಸುವುದು ಅಪ್ಪನ ಭಾನುವಾರದ ಕೆಲಸ. ಎಂಜಿನ್ ಗುರ್ರೆನ್ನುತ್ತದೆ, ಸೈಲೆನ್ಸರ್‌ನಿಂದ ಒಂದಿಷ್ಟು ಬಿಳಿ ಆವಿ ಬರುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ, ಕೀಲಿ ಮತ್ತೆ ಮೊಳೆಗೆ ಹೋಗುತ್ತದೆ. ಅತ್ತ ಅಮೆರಿಕದ ಮಿನೆಸೋಟದಲ್ಲಿ, ಕೆನಡಾದ ಮ್ಯಾನಿಟೋಬದಲ್ಲಿ ಹಿಮ ಬೀಳುವ ಹೊತ್ತಿಗೆ ಎಟಿವಿಯನ್ನು ಶೆಡ್ಡಿಗೆ ಸೇರಿಸುವವರಲ್ಲೂ ಇದೇ ರೂಢಿ ಇದೆ. ಇದರ ಹಿಂದಿರುವ ಅಕ್ಕರೆಯ ಬಗ್ಗೆ ನನಗೆ ಗೌರವವಿದೆ. ಆದರೆ ಗಾಡಿಯನ್ನು ಉಳಿಸಲೆಂದು ಮಾಡುವ ಈ ಕೆಲಸವೇ ಅದನ್ನು ಒಳಗಿನಿಂದ ತಿನ್ನುತ್ತದೆ. ನಿಲ್ಲಿಸುವ ದಿನ ಅರ್ಧ ದಿನ ಕೂತು ಮಾಡಬೇಕಾದ್ದನ್ನೆಲ್ಲ ಮಾಡಿ, ಆಮೇಲೆ ಮತ್ತೆ ಓಡಿಸುವ ದಿನದವರೆಗೆ ಎಂಜಿನ್ನಿನ ತಂಟೆಗೇ ಹೋಗದಿರುವುದು ಸರಿಯಾದ ಕ್ರಮ. ಎಟಿವಿಯ ಚಳಿಗಾಲದ ಉದಾಹರಣೆಯಿಂದಲೇ ಇದನ್ನು ವಿವರಿಸುತ್ತೇನೆ. ಐದಾರು ತಿಂಗಳು ಗಾಡಿ ನಿಲ್ಲಿಸುವುದು ಅಲ್ಲಿ ಪ್ರತಿ ವರ್ಷದ ಅನಿವಾರ್ಯ, ಹಾಗಾಗಿ ತಪ್ಪು-ಸರಿಗಳೆರಡೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಎಟಿವಿ ಎಂದರೆ ದಪ್ಪನೆಯ ನಾಲ್ಕು ಟೈರುಗಳ ಮೇಲೆ ಕೂತ, ಬೈಕಿನಂತೆ ಹ್ಯಾಂಡಲ್ ಹಿಡಿದು ಓಡಿಸುವ ಗಾಡಿ. ನಮ್ಮ ಕಡೆ ರೆಸಾರ್ಟುಗಳಲ್ಲಿ ಮಕ್ಕಳು ಕೆಸರು ಹಾರಿಸುತ್ತ ಓಡಿಸುವುದನ್ನು ಕಂಡಿರುತ್ತೀರಿ. ಉತ್ತರ ಅಮೆರಿಕದಲ್ಲಿ ಅದು ರೈತನ, ಬೇಟೆಗಾರನ, ಕಾಡಂಚಿನಲ್ಲಿ ಬದುಕುವವನ ದಿನಬಳಕೆಯ ವಾಹನ. ಅದರ ಹುಟ್ಟಿಗೂ ಚಳಿಗಾಲಕ್ಕೂ ಸಂಬಂಧವಿದೆ. ಚಳಿಗಾಲದಲ್ಲಿ ಬೈಕಿನ ವ್ಯಾಪಾರ ಬಿದ್ದುಹೋಗುತ್ತದೆ, ಆ ದಿನಗಳಲ್ಲಿ ಮಾರಲು ಬೇರೇನಾದರೂ ಬೇಕು ಎಂಬ ಅಮೆರಿಕದ ಡೀಲರುಗಳ ಬೇಡಿಕೆಯಿಂದಾಗಿ ಹೋಂಡಾ 1970ರಲ್ಲಿ ಮೂರು ಬಲೂನು ಟೈರುಗಳ ಯುಎಸ್90 ತಂದಿತು. 1980ರ ದಶಕದ ಆರಂಭದಲ್ಲಿ ಸುಝುಕಿ ನಾಲ್ಕನೆಯ ಚಕ್ರ ಸೇರಿಸಿತು. ಇವತ್ತಿಗೂ ಮುಂದೆ ಸಲಿಕೆ ಕಟ್ಟಿ ಅಂಗಳದ ಹಿಮ ನೂಕಲು ಎಟಿವಿ ಬಳಸುವವರಿದ್ದಾರೆ, ಅವರಿಗೆ ಈ ಬರಹದ ಗೊಡವೆ ಬೇಡ. ಉಳಿದವರ ಗಾಡಿ ಮಾತ್ರ ನವೆಂಬರಿನಲ್ಲಿ ಶೆಡ್ಡು ಸೇರಿದರೆ ಹೊರಬರುವುದು ಏಪ್ರಿಲಿನಲ್ಲಿ. ವಿನ್ನಿಪೆಗ್ ನಗರದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿರುವುದು ಸಾಮಾನ್ಯ. ಅಂಥ ಬೆಳಗಿನಲ್ಲಿ ಯಾರೋ ಶೆಡ್ಡಿನ ಬಾಗಿಲು ತೆರೆದು, ಗಾಡಿ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ನಿಂತು, ಆಫ್ ಮಾಡಿ ಒಳಗೆ ಹೋಗುತ್ತಾರೆ ಎಂದುಕೊಳ್ಳಿ. ಆ ಹತ್ತು ನಿಮಿಷದಲ್ಲಿ ಏನಾಗುತ್ತದೆ?

ನೀರು ಹುಟ್ಟುತ್ತದೆ. ಪೆಟ್ರೋಲ್ ಉರಿದರೆ ಹೊಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ನೀರು ಬರುತ್ತದೆ ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಪೆಟ್ರೋಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ನಿಂತಲ್ಲೇ ಓಡುವ ಎಂಜಿನ್ ಗಂಟೆಗೆ ಅರ್ಧ ಲೀಟರ್ ಕುಡಿಯುತ್ತದೆಂದು ಇಟ್ಟುಕೊಂಡರೂ ಹತ್ತು ನಿಮಿಷಕ್ಕೆ 80 ಮಿಲಿಲೀಟರಿನಷ್ಟು, ಅಂದರೆ ಒಂದು ಸಣ್ಣ ಲೋಟ ಚಹಾದಷ್ಟು ನೀರು. ದೂರ ಓಡಿದ ಗಾಡಿಯಲ್ಲಿ ಇದು ಆವಿಯಾಗಿಯೇ ಹೊರಬೀಳುತ್ತದೆ, ತೊಂದರೆಯಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಹಾಗಾಗದು. ಆವಿಯ ಒಂದು ಪಾಲು ಸೈಲೆನ್ಸರಿನ ತಣ್ಣನೆಯ ತಗಡಿಗೆ ತಗುಲಿ ಹನಿಯಾಗಿ ಅಲ್ಲೇ ಉಳಿಯುತ್ತದೆ. ಇನ್ನೊಂದಿಷ್ಟು ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲಿನಿಂದ ಆ ನೀರು ಮತ್ತೆ ಆವಿಯಾಗಿ ಹೋಗಬೇಕಾದರೆ ಆಯಿಲ್ ನೂರು ಡಿಗ್ರಿಯ ಹತ್ತಿರಕ್ಕೆ ಕಾಯಬೇಕು, ಅಷ್ಟು ಕಾಯಲು ಗಾಡಿ ಭಾರ ಹೊತ್ತು ಅರ್ಧ ಗಂಟೆಯಾದರೂ ಓಡಬೇಕು. ಐದು-ಹತ್ತು ನಿಮಿಷದ ಐಡಲಿಂಗ್‌ನಲ್ಲಿ ಎಂಜಿನ್ನಿನ ಮೈ ಬೆಚ್ಚಗಾಗುವುದೇ ಕಷ್ಟ. ಹೀಗೆ ವಾರವಾರವೂ ಸ್ಟಾರ್ಟ್ ಮಾಡಿಟ್ಟ ಎಂಜಿನ್ನಿನ ಆಯಿಲ್ ಮುಚ್ಚಳ ತಿರುಚಿ ನೋಡಿದರೆ ಒಳಮೈಗೆ ಮಜ್ಜಿಗೆ ಬಣ್ಣದ, ಬೆಣ್ಣೆಯಂತೆ ಬೆರಳಿಗೆ ಮೆತ್ತುವ ಜಿಡ್ಡು ಕಾಣುವುದುಂಟು. ಅದು ನೀರು ಮತ್ತು ಆಯಿಲ್ ಕಡೆದುಕೊಂಡು ಆದದ್ದು. ಭಾನುವಾರದ ಆ ಸಮಾಧಾನದ ಬಿಳಿ ಆವಿಯೂ ಇದೇ ನೀರು. ಹೊರಬಂದದ್ದು ಕಣ್ಣಿಗೆ ಕಂಡಿತು, ಒಳಗುಳಿದದ್ದು ಕಾಣಲಿಲ್ಲ, ಅಷ್ಟೇ.

ಆಯಿಲಿನ ಮಾತು ಬಂದದ್ದರಿಂದ ಅದನ್ನೇ ಮುಗಿಸುತ್ತೇನೆ. ಒಂದು ಹಂಗಾಮು ಓಡಿಸಿದ ಆಯಿಲಿನಲ್ಲಿ ಉರಿಯದ ಪೆಟ್ರೋಲ್, ತೇವ, ದಹನದಿಂದ ಹುಟ್ಟಿದ ಆಮ್ಲಗಳು ಸೇರಿಕೊಂಡಿರುತ್ತವೆ. ಗಾಡಿ ಆರು ತಿಂಗಳು ನಿಂತರೆ ಬೇರಿಂಗುಗಳು ಆರು ತಿಂಗಳು ಆ ಕೊಳೆಯಲ್ಲೇ ನೆನೆಯುತ್ತವೆ. ಆದ್ದರಿಂದ ಆಯಿಲ್ ಬದಲಿಸಬೇಕಾದದ್ದು ನಿಲ್ಲಿಸುವ ಮೊದಲು. ವಸಂತ ಬಂದ ಮೇಲೆ ಹೇಗೂ ಹೊಸದು ಹಾಕಿಸುತ್ತೇವಲ್ಲ ಎಂದು ಕಾಯುವವರೇ ಹೆಚ್ಚು. ಕೊನೆಯ ಓಟ ಮುಗಿಸಿ ಬಂದು, ಎಂಜಿನ್ ಇನ್ನೂ ಬಿಸಿಯಿರುವಾಗ ಹಳೆಯದನ್ನು ಇಳಿಸಿ, ಫಿಲ್ಟರ್ ಬದಲಿಸಿ, ಹೊಸದನ್ನು ಹಾಕಬೇಕು. ಕಾರ್ಬೊರೇಟರ್ ಇರುವ ಹಳೆಯ ಗಾಡಿಗಳಲ್ಲಿ ಇದರ ಜೊತೆಗೆ ಇನ್ನೊಂದು ಕೆಲಸ ಹೇಳುತ್ತಾರೆ: ಎಂಜಿನ್ ಓಡುತ್ತಿರುವಾಗಲೇ ಗಾಳಿಯ ದಾರಿಯಿಂದ ವಿಶೇಷವಾದ ಎಣ್ಣೆ ಸಿಂಪಡಿಸುವುದು, ಅಥವಾ ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಎಂಜಿನ್ನನ್ನು ಒಂದೆರಡು ಸುತ್ತು ತಿರುಗಿಸುವುದು. ಸಿಲಿಂಡರಿನ ಗೋಡೆಗೆ ತೆಳುವಾದ ಎಣ್ಣೆಯ ಪದರ ಹತ್ತಿ, ಗಾಳಿಯ ತೇವದಿಂದ ತುಕ್ಕು ಹಿಡಿಯದಂತೆ ಅದು ಕಾಯುತ್ತದೆ. ನನ್ನ ವಾದಕ್ಕೆ ಬೇಕಾದ ಗಟ್ಟಿ ಸಾಕ್ಷಿ ಇಲ್ಲೇ ಇದೆ. ಮಿನೆಸೋಟದ ಉತ್ತರ ತುದಿಯ ರೋಸೊ ಎಂಬ ಊರಿನಲ್ಲಿ ಹುಟ್ಟಿದ ಪೊಲಾರಿಸ್ ಕಂಪನಿಗೆ ಚಳಿಯ ಬಗ್ಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ, ಎಟಿವಿಗೆ ಮುಂಚೆ ಅದು ತಯಾರಿಸುತ್ತಿದ್ದುದು ಹಿಮದ ಮೇಲೆ ಓಡುವ ಗಾಡಿಗಳನ್ನು. ಹೀಗೆ ಎಣ್ಣೆ ಹಿಡಿಸಿ ನಿಲ್ಲಿಸಿದ ಎಂಜಿನ್ನನ್ನು ನಡುವೆ ಸ್ಟಾರ್ಟ್ ಮಾಡಬೇಡಿ, ಮಾಡಿದರೆ ಎಣ್ಣೆಯ ಪದರ ಕಿತ್ತುಹೋಗಿ ತುಕ್ಕಿಗೆ ದಾರಿಯಾಗುತ್ತದೆ ಎಂದು ಅದರ ಎಟಿವಿ ಕೈಪಿಡಿಗಳೇ ಎಚ್ಚರಿಸುತ್ತವೆ.

ಇನ್ನು ಪೆಟ್ರೋಲ್. ವಸಂತದಲ್ಲಿ ಸ್ಟಾರ್ಟ್ ಆಗದೆ ಮೆಕ್ಯಾನಿಕ್ ಹತ್ತಿರ ಬರುವ ಗಾಡಿಗಳ ರೋಗ ಬಹುಪಾಲು ಇದೇ. ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ದ್ರವಗಳ ಮಿಶ್ರಣ. ಅದರಲ್ಲಿ ಹಗುರಾದವು ಮೊದಲು ಆವಿಯಾಗಿ ಹೋಗುತ್ತವೆ, ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಅವೇ. ಉಳಿದದ್ದರಲ್ಲಿ ಕೆಲವು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಲಸಿನ ಮೇಣದಂತೆ ಅಂಟಾಗುತ್ತವೆ. ಕಾರ್ಬೊರೇಟರಿನ ತಳದಲ್ಲಿರುವ ಪುಟ್ಟ ಬಟ್ಟಲಿನಲ್ಲಿ ಪೆಟ್ರೋಲ್ ಸ್ವಲ್ಪವೇ ಇರುವುದರಿಂದ ಅಲ್ಲಿ ಇದು ಬೇಗ ಆಗುತ್ತದೆ. ಐಡಲಿಂಗ್‌ಗೆ ಪೆಟ್ರೋಲ್ ಕೊಡುವ ಜೆಟ್ ಎಂಬ ಹಿತ್ತಾಳೆಯ ತುಂಡನ್ನು ಬೆಳಕಿಗೆ ಹಿಡಿದು ನೋಡಿ: ನಡುವಿನ ತೂತು ಅರ್ಧ ಮಿಲಿಮೀಟರಿಗಿಂತ ಕಿರಿದು, ಸೂಜಿಯ ಮೊನೆಯಿಂದ ಚುಚ್ಚಿದಷ್ಟು. ಅದು ಮುಚ್ಚಿಕೊಳ್ಳಲು ಕೂದಲೆಳೆಯಷ್ಟು ಅಂಟು ಸಾಕು. ಹಾಗಾಗಿ ನಿಲ್ಲಿಸುವ ದಿನ ಹೊಸ ಪೆಟ್ರೋಲನ್ನು ಟ್ಯಾಂಕಿಗೆ ಮೇಲಿನವರೆಗೆ ತುಂಬಿಸಿ, ಹಿಗ್ಗಲು ಒಂದಿಷ್ಟು ಜಾಗ ಬಿಟ್ಟು, ಅದಕ್ಕೆ ಸ್ಟೆಬಿಲೈಜರ್ ಎಂಬ ದ್ರವವನ್ನು ಹೇಳಿದ ಪ್ರಮಾಣದಲ್ಲಿ ಹಾಕಿ ಹತ್ತು ನಿಮಿಷ ಗಾಡಿ ಓಡಿಸಬೇಕು. ಓಡಿಸಿದರೆ ಮಾತ್ರ ಅದು ಕೊಳವೆ, ಜೆಟ್, ಇಂಜೆಕ್ಟರುಗಳವರೆಗೂ ಹೋಗುತ್ತದೆ. ಸ್ಟೆಬಿಲೈಜರ್ ಕೆಡುವುದನ್ನು ನಿಧಾನ ಮಾಡುತ್ತದೆಯೇ ಹೊರತು ಕೆಟ್ಟದ್ದನ್ನು ರಿಪೇರಿ ಮಾಡುವುದಿಲ್ಲ. ಮೂರು ತಿಂಗಳ ಹಳೆಯ ಪೆಟ್ರೋಲಿಗೆ ಸುರಿದು ಪ್ರಯೋಜನವಿಲ್ಲ. ಕಾರ್ಬೊರೇಟರ್ ಇದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ, ಉಳಿದದ್ದನ್ನು ಇಳಿಸಿಬಿಡುವುದು ಇನ್ನೂ ಒಳ್ಳೆಯದು. ವಾರವಾರ ಸ್ಟಾರ್ಟ್ ಮಾಡಿದರೆ ಈ ಬಟ್ಟಲಿಗೆ ಪ್ರತಿ ಸಲ ಪೆಟ್ರೋಲ್ ಬಂದು ನಿಲ್ಲುತ್ತದೆ, ಪ್ರತಿ ಸಲ ಒಣಗುತ್ತದೆ.

ಎಥನಾಲ್ ಬಂದ ಮೇಲೆ ಈ ಕಥೆಗೆ ಇನ್ನೊಂದು ಎಳೆ ಸೇರಿದೆ. ಅಮೆರಿಕದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆ ಮಿಶ್ರಣದಲ್ಲಿ ನೀರು ನೂರಕ್ಕೆ ಅರ್ಧ ಪಾಲಿನಷ್ಟಾದರೆ ಎಥನಾಲು ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಚಳಿ ಹೆಚ್ಚಿದಷ್ಟೂ ಇದಕ್ಕಿಂತ ಕಡಿಮೆ ನೀರೇ ಸಾಕು. ಟ್ಯಾಂಕು ತುಂಬಿಡಿ ಎನ್ನುವುದು ಇದಕ್ಕೇ, ಖಾಲಿ ಜಾಗ ಕಡಿಮೆಯಾದರೆ ಒಳಗೆ ಹೋಗುವ ತೇವದ ಗಾಳಿಯೂ ಕಡಿಮೆ. ಇಲ್ಲಿ ನಮಗೂ ನೇರ ಸಂಬಂಧವಿದೆ. ನೂರಕ್ಕೆ ಇಪ್ಪತ್ತು ಎಥನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ, ಈಗ ಅದು ದೇಶದುದ್ದಕ್ಕೂ ಬಂಕುಗಳಿಗೆ ಬಂದಿದೆ. ಎಥನಾಲ್ ಹೆಚ್ಚಾದಷ್ಟು ನೀರು ಬೇಗ ಬೇರ್ಪಡುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಅದು ತಪ್ಪು. ಎಥನಾಲ್ ಹೆಚ್ಚಿರುವ ಮಿಶ್ರಣ ಬೇರ್ಪಡುವ ಮೊದಲು ಹೆಚ್ಚು ನೀರನ್ನು ತನ್ನಲ್ಲಿ ಕರಗಿಸಿಟ್ಟುಕೊಳ್ಳಬಲ್ಲದು. ತೊಂದರೆ ಇರುವುದು ಬೇರೆ ಕಡೆ. ಎಟಿವಿಯ ಟ್ಯಾಂಕು ಹೆಚ್ಚಾಗಿ ಪ್ಲಾಸ್ಟಿಕ್, ತುಕ್ಕು ಹಿಡಿಯುವ ಮಾತಿಲ್ಲ. ನಮ್ಮ ಬೈಕುಗಳ ಟ್ಯಾಂಕು ಬಹುತೇಕ ಉಕ್ಕಿನ ತಗಡು. ತೇವ ಹೊತ್ತ ಪೆಟ್ರೋಲ್ ಅರ್ಧ ತುಂಬಿದ ಟ್ಯಾಂಕಿನಲ್ಲಿ ಮಳೆಗಾಲವಿಡೀ ನಿಂತರೆ ಒಳಗೋಡೆ ಕೆಂಪಗಾಗುತ್ತದೆ, ಎಥನಾಲಿಗೆಂದು ತಯಾರಾಗದ ಹಳೆಯ ಗಾಡಿಗಳ ರಬ್ಬರ್ ಭಾಗಗಳು ಉಬ್ಬುತ್ತವೆ, ಬಿರಿಯುತ್ತವೆ.

ಇಷ್ಟಕ್ಕೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವವರ ಮುಖ್ಯ ಕಾರಣ ಬ್ಯಾಟರಿ. ಬ್ಯಾಟರಿ ಇಳಿದುಹೋಗಬಾರದು ಎನ್ನುವುದು ಸರಿಯಾದ ಚಿಂತೆ, ಹಿಡಿದ ದಾರಿ ಮಾತ್ರ ತಪ್ಪು. ಎಂಜಿನ್ ತಿರುಗಿಸಲು ಸ್ಟಾರ್ಟರ್ ಮೋಟಾರ್ ಒಮ್ಮೆಲೆ ಭಾರಿ ಕರೆಂಟು ಎಳೆಯುತ್ತದೆ. ಐಡಲಿಂಗ್‌ನಲ್ಲಿ ಎಂಜಿನ್ ಹುಟ್ಟಿಸುವ ಕರೆಂಟು ಕಡಿಮೆ, ಅದರಲ್ಲೂ ಒಂದು ಪಾಲು ಹೆಡ್‌ಲೈಟು ಮತ್ತು ಇಗ್ನಿಷನ್ನಿಗೇ ಹೋಗುತ್ತದೆ. ತಣ್ಣಗಿರುವ ಬ್ಯಾಟರಿ ಚಾರ್ಜನ್ನು ಒಳಗೆ ತೆಗೆದುಕೊಳ್ಳುವುದೂ ನಿಧಾನ. ಹೀಗಾಗಿ ಕೊಟ್ಟದ್ದಷ್ಟೂ ಐದು ನಿಮಿಷದಲ್ಲಿ ವಾಪಸು ಬರುವ ಖಾತ್ರಿಯಿಲ್ಲ. ಅರೆಬರೆ ಚಾರ್ಜಿನಲ್ಲಿ ನಿಂತ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳು ಕಟ್ಟುತ್ತದೆ, ಆ ಹರಳು ಗಟ್ಟಿಯಾದರೆ ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹೋದ ಶಕ್ತಿ ಮರಳದು. ಚಳಿ ನಾಡಿನಲ್ಲಿ ಇನ್ನೊಂದು ಅಪಾಯವಿದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಮ್ಲ ಹೆಪ್ಪುಗಟ್ಟಲು ಸೊನ್ನೆಗಿಂತ 50 ಡಿಗ್ರಿಗೂ ಕೆಳಗಿನ ಚಳಿ ಬೇಕು, ವಿನ್ನಿಪೆಗ್‌ನಲ್ಲೂ ಅಷ್ಟು ಇರುವುದಿಲ್ಲ. ಪೂರ್ತಿ ಇಳಿದುಹೋದ ಬ್ಯಾಟರಿಯಲ್ಲಿ ಆಮ್ಲ ತೆಳುವಾಗಿ ಬಹುಪಾಲು ನೀರೇ ಆಗಿರುತ್ತದೆ, ಅದು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವಷ್ಟರಲ್ಲಿ ಹೆಪ್ಪುಗಟ್ಟಿ ಡಬ್ಬಿಯನ್ನೇ ಸೀಳಬಲ್ಲದು. ಬ್ಯಾಟರಿ ಬಿಚ್ಚಿ, ಮೈ ಒರೆಸಿ, ಪೂರ್ತಿ ಚಾರ್ಜ್ ಮಾಡಿ ಒಣ ಜಾಗದಲ್ಲಿಟ್ಟು, ತುಂಬಿದ ಕೂಡಲೇ ತಾನಾಗಿ ಕರೆಂಟು ತಗ್ಗಿಸಿಕೊಳ್ಳುವ ಸಣ್ಣ ಚಾರ್ಜರಿಗೆ ಸೇರಿಸಿದರೆ ಈ ಎರಡೂ ತೊಂದರೆ ತಪ್ಪುತ್ತವೆ. ಬಿಚ್ಚುವಾಗ ಮೊದಲು ನೆಗೆಟಿವ್ ತಂತಿ, ಸೇರಿಸುವಾಗ ಅದು ಕೊನೆಗೆ. ಸಿಮೆಂಟು ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ಮಾತಿಗೆ ಈಗ ಅರ್ಥವಿಲ್ಲ, ಡಬ್ಬಿಗಳು ಮರ ಮತ್ತು ರಬ್ಬರಿನವಾಗಿದ್ದ ಕಾಲದ ಮಾತು ಅದು. ಸೆಕೆ ಮಾತ್ರ ಬ್ಯಾಟರಿಗೆ ನಿಜವಾದ ಶತ್ರು. ಬಿಸಿ ಹೆಚ್ಚಿದಷ್ಟೂ ಅದು ತಾನಾಗಿಯೇ ಇಳಿಯುವುದು ಜೋರಾಗುತ್ತದೆ. ಹಾಗೆ ನೋಡಿದರೆ ಏಪ್ರಿಲಿನ ಕಲಬುರಗಿಯಲ್ಲಿ ನಿಂತ ಬೈಕಿನ ಬ್ಯಾಟರಿಗೆ ವಿನ್ನಿಪೆಗ್‌ನದಕ್ಕಿಂತ ಹೆಚ್ಚು ಸಲ ಚಾರ್ಜರ್ ಬೇಕು.

ಗಾಡಿ ತೊಳೆಯುವುದು, ರೇಡಿಯೇಟರಿನಲ್ಲಿ ಹೆಪ್ಪುಗಟ್ಟದ ಕೂಲಂಟ್ ಇದೆಯೇ ಎಂದು ನೋಡುವುದು, ಟೈರಿಗೆ ಗಾಳಿ ತುಂಬಿ ಚಕ್ರ ನೆಲಬಿಟ್ಟು ಎತ್ತಿಡುವುದು, ಇವು ವಿವರಣೆ ಬೇಡದ ಕೆಲಸಗಳು. ತೊಳೆದ ಮೇಲೆ ಒಣಗಲು ಒಂದು ದಿನ ಬಿಡಬೇಕು, ಹೊದಿಸುವುದು ಬಟ್ಟೆಯಾಗಿರಬೇಕು ಎಂಬ ಎರಡು ಮಾತು ಸಾಕು. ಪ್ಲಾಸ್ಟಿಕ್ ಶೀಟು ಬಿಗಿದು ಕಟ್ಟಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಇಲಿಗಳ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಉತ್ತರ ಅಮೆರಿಕದ ಸಣ್ಣ ಇಲಿ ಪೆನ್ಸಿಲ್ ದಪ್ಪದ ತೂತಿನಲ್ಲೂ ನುಸುಳುತ್ತದೆ. ಅದಕ್ಕೆ ಏರ್ ಫಿಲ್ಟರಿನ ಪೆಟ್ಟಿಗೆಯಷ್ಟು ಹಿತವಾದ ಮನೆ ಬೇರೊಂದಿಲ್ಲ: ಕತ್ತಲು, ಒಣ, ಹಾಸಲು ಮೆತ್ತನೆಯ ಫಿಲ್ಟರ್. ಸೀಟಿನ ಸ್ಪಂಜು ಕಿತ್ತು ತಂದು ಗೂಡು ಕಟ್ಟುತ್ತದೆ, ತಂತಿ ಕಡಿಯುತ್ತದೆ. ಎಂಜಿನ್ ಸದ್ದಿಗೆ ಇಲಿ ಓಡಿಹೋಗುತ್ತದಲ್ಲ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವುದಕ್ಕೆ ಇದೂ ಒಂದು ಕಾರಣ ಎನ್ನುವವರಿದ್ದಾರೆ. ಐದು ನಿಮಿಷದ ಸದ್ದಿಗೆ ಓಡಿದ ಇಲಿ ಉಳಿದ ವಾರವಿಡೀ ಇಲ್ಲೇ ಇರುತ್ತದೆ. ಅಷ್ಟೇ ಅಲ್ಲ, ಪೆಟ್ಟಿಗೆಯಲ್ಲಿ ಗೂಡಿದ್ದಾಗ ಎಂಜಿನ್ ಓಡಿಸಿದರೆ ಅದರ ಚೂರುಗಳು ಒಳಗೆ ಎಳೆದುಕೊಂಡು ಹೋಗಬಹುದು. ಸೈಲೆನ್ಸರಿನ ಬಾಯಿ ಮತ್ತು ಗಾಳಿಯ ದಾರಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರು ತುರುಕಿದರೆ ಇಲಿ ಅದನ್ನು ಕಡಿಯಲಾರದು. ವಸಂತದಲ್ಲಿ ಹಿಕ್ಕೆ ಕಂಡರೆ ಪೊರಕೆಯಿಂದ ಗುಡಿಸಬಾರದು. ಉತ್ತರ ಅಮೆರಿಕದ ಕಾಡಿಲಿಗಳ ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ಎಂಬ, ಶ್ವಾಸಕೋಶಕ್ಕೆ ತಗುಲಿ ಪ್ರಾಣ ತೆಗೆಯಬಲ್ಲ ಕಾಯಿಲೆ ಬರುತ್ತದೆ. ಕ್ರಿಮಿನಾಶಕ ಸಿಂಪಡಿಸಿ ನೆನೆಸಿ, ಕೈಗವಸು ಹಾಕಿ ಒರೆಸಿ ತೆಗೆಯಬೇಕು.

ನನ್ನ ವಾದಕ್ಕೆ ಇರುವ ಆಕ್ಷೇಪಗಳಲ್ಲಿ ತೂಕವಿರುವುದು ಇದು: ನಿಂತ ಎಂಜಿನ್ನಿನಲ್ಲಿ ಆಯಿಲ್ ಎಲ್ಲ ತಳಕ್ಕೆ ಇಳಿದು ಮೇಲಿನ ಭಾಗಗಳು ಒಣಗುತ್ತವೆ, ಸೀಲುಗಳು ಗಡುಸಾಗುತ್ತವೆ, ಆಗಾಗ ಓಡಿಸಿದರೆ ಎಣ್ಣೆ ಹರಿದಾಡುತ್ತದೆ. ಎಣ್ಣೆ ಇಳಿಯುವುದು ನಿಜ. ಆದರೆ ಎಂಜಿನ್ ಹೆಚ್ಚು ಸವೆಯುವುದು ತಣ್ಣಗಿನ ಸ್ಟಾರ್ಟಿನ ಮೊದಲ ಕ್ಷಣಗಳಲ್ಲಿ, ಗಟ್ಟಿಯಾದ ಆಯಿಲ್ ಇನ್ನೂ ಮೇಲೇರದಿರುವಾಗ. ಆರು ತಿಂಗಳು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಅಂಥ ಕ್ಷಣಗಳು ಇಪ್ಪತ್ತಕ್ಕೂ ಮಿಕ್ಕಿ ಬರುತ್ತವೆ, ಅದೂ ವರ್ಷದ ಅತಿ ಕೆಟ್ಟ ಚಳಿಯಲ್ಲಿ. ಮಾಡದಿದ್ದರೆ ವಸಂತದ ಒಂದೇ ಒಂದು ಸಲ. ಸೀಲುಗಳಿಗೆ ಐದಾರು ತಿಂಗಳು ದೊಡ್ಡ ಕಾಲವಲ್ಲ. ವರ್ಷಗಟ್ಟಲೆ ನಿಂತ ಗಾಡಿಯ ಮಾತು ಬೇರೆ, ಅದಕ್ಕೆ ಬೇರೆಯದೇ ಸಿದ್ಧತೆ ಬೇಕು.

ಇನ್ನೊಂದು ಆಕ್ಷೇಪ ನಮ್ಮದೇ ಅನುಭವದಿಂದ ಬಂದದ್ದು. 2020ರ ಲಾಕ್‌ಡೌನ್‌ನಲ್ಲಿ ಆಗಾಗ ಗಾಡಿ ಸ್ಟಾರ್ಟ್ ಮಾಡಿ ಎಂಬ ಸಲಹೆ ಎಲ್ಲ ಕಡೆಯಿಂದ ಬಂತಲ್ಲ, ಅದೆಲ್ಲ ಸುಳ್ಳೇ? ಸುಳ್ಳೆನ್ನಲಾರೆ. ಅಂದು ಗಾಡಿಗಳು ಯಾವ ಸಿದ್ಧತೆಯೂ ಇಲ್ಲದೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ನಿಂತುಬಿಟ್ಟವು. ಎಷ್ಟು ದಿನ ಎಂದು ಗೊತ್ತಿರಲಿಲ್ಲ, ಪೆಟ್ರೋಲಿಗೆ ಹಾಕುವ ಸ್ಟೆಬಿಲೈಜರ್ ತರಲು ಅಂಗಡಿ ತೆರೆದಿರಲಿಲ್ಲ, ನಾಳೆ ಆಸ್ಪತ್ರೆಗೆ ಓಡಬೇಕಾದರೆ ಗಾಡಿ ಬೇಕಿತ್ತು. ಅಂಥ ಹೊತ್ತಿನಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸಿಕೊಳ್ಳುವುದು ವಿವೇಕ. ತುರ್ತಿನ ಆ ಉಪಾಯ ಇಂದು ರೂಢಿಯಾಗಿ ಉಳಿದುಬಿಟ್ಟಿರುವುದು ನನ್ನ ತಕರಾರು. ಗಾಡಿ ನಡುನಡುವೆ ಬೇಕೇ ಬೇಕು ಎನ್ನುವವರು ಅದನ್ನು ನಿಜವಾಗಿ ಓಡಿಸಲಿ: ಹದಿನೈದು ದಿನಕ್ಕೊಮ್ಮೆ ರಸ್ತೆಗಿಳಿಸಿ, ಇಪ್ಪತ್ತು ಕಿಲೋಮೀಟರಾದರೂ ಓಡಿಸಿ, ಎಲ್ಲ ಬಿಸಿಯಾದ ಮೇಲೆ ತಂದು ನಿಲ್ಲಿಸಲಿ. ಆಗ ಹುಟ್ಟಿದ ನೀರು ಹುಟ್ಟಿದಂತೆ ಹೊರಹೋಗುತ್ತದೆ, ಬ್ಯಾಟರಿಯೂ ತುಂಬುತ್ತದೆ. ಪೂರ್ತಿ ಓಡಿಸುವುದು ಅಥವಾ ಪೂರ್ತಿ ನಿಲ್ಲಿಸುವುದು, ಎರಡರಲ್ಲಿ ಒಂದು. ಇದಕ್ಕೆಲ್ಲ ಖರ್ಚು ಹೆಚ್ಚಲ್ಲವೇ ಎಂದರೆ, ಆಯಿಲ್ ಹೇಗೂ ವರ್ಷಕ್ಕೊಮ್ಮೆ ಬದಲಿಸುವಂಥದ್ದೇ, ತಿಂಗಳು ಬದಲಾಯಿತಷ್ಟೇ. ಸ್ಟೆಬಿಲೈಜರ್ ಸಿಗದಿದ್ದರೆ ಕಾರ್ಬೊರೇಟರಿನಿಂದ ಪೆಟ್ರೋಲ್ ಇಳಿಸಲು ಒಂದು ಸ್ಕ್ರೂಡ್ರೈವರ್ ಸಾಕು.

ಚಳಿಗಾಲವೇ ಇಲ್ಲದ ನಮಗೆ ಇದೆಲ್ಲ ಯಾಕೆ ಎಂದು ಮಲೆನಾಡಿನವರು ಕೇಳಲಾರರು. ಜೂನಿಗೆ ಮುಂಚೆ ಕಟ್ಟಿಗೆ ಒಟ್ಟಿ, ಹಪ್ಪಳ ಒಣಗಿಸಿ, ಮಾಡಿನ ಹಂಚು ಕೈಯಾಡಿಸಿ ಮಳೆಗೆ ಸಜ್ಜಾಗುವುದು ಅವರಿಗೆ ರಕ್ತಗತ. ಆಗುಂಬೆಯಲ್ಲಿ ಒಂದು ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ, ಕೊಟ್ಟಿಗೆಯ ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಆ ತೇವದಲ್ಲಿ ತೋಟದ ಪೆಟ್ರೋಲ್ ಪಂಪು, ಮಗನ ಬೈಕು, ಹಂಗಾಮು ಮುಗಿದ ಮೇಲೆ ಮೂಲೆ ಸೇರುವ ವೀಡ್ ಕಟರ್ ನಾಲ್ಕೈದು ತಿಂಗಳು ನಿಲ್ಲುತ್ತವೆ. ಹೆಪ್ಪುಗಟ್ಟುವ ಭಯವೊಂದನ್ನು ಬಿಟ್ಟರೆ ಎಟಿವಿಗೆ ಹೇಳಿದ್ದೆಲ್ಲ ಇವಕ್ಕೂ ಅನ್ವಯಿಸುತ್ತದೆ. ಬಿಸಿ ಹೆಚ್ಚಿರುವುದರಿಂದ ಪೆಟ್ರೋಲ್ ಅಂಟಾಗುವುದು ಇಲ್ಲಿ ಇನ್ನೂ ಬೇಗ. ಎಣ್ಣೆ ಬೆರೆಸಿದ ಪೆಟ್ರೋಲನ್ನು ಹಾಗೇ ಬಿಟ್ಟು ಮೂಲೆಗಿಟ್ಟ ವೀಡ್ ಕಟರ್, ಮುಂದಿನ ಹಂಗಾಮಿನಲ್ಲಿ ಹಗ್ಗ ಎಳೆದೆಳೆದು ತೋಳು ಸೋತರೂ ಹೊತ್ತಿಕೊಳ್ಳದಿದ್ದರೆ ಅದರ ಟ್ಯಾಂಕು ಮೂಸಿ ನೋಡಿ: ಪೆಟ್ರೋಲಿನ ಚುರುಕು ವಾಸನೆಯ ಬದಲು ಹಳೆಯ ಬಣ್ಣದ ಡಬ್ಬಿ ತೆರೆದಂತಿರುತ್ತದೆ. ಕಡೆಯ ಸಲ ಬಳಸಿದ ದಿನ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿದ್ದರೆ ಸಾಕಿತ್ತು.

ಸಿದ್ಧತೆ ಮುಗಿಸಿದವರು ಇನ್ನೊಂದು ಸಣ್ಣ ಕೆಲಸ ಮಾಡಬೇಕು. ಒಂದು ರಟ್ಟಿನ ಚೂರಿನ ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆಯಿರಿ: ಆಯಿಲ್ ಬದಲಿಸಿದ ತಾರೀಖು, ಬ್ಯಾಟರಿ ಇಟ್ಟಿರುವ ಜಾಗ, ಪೆಟ್ರೋಲ್ ಕಾಕ್ ಮುಚ್ಚಿದೆ, ಸೈಲೆನ್ಸರಿನ ಬಾಯಲ್ಲಿ ಉಕ್ಕಿನ ನಾರು ಇದೆ. ಅದನ್ನು ದಾರದಿಂದ ಕೀಲಿಗೇ ಕಟ್ಟಿ. ಏಪ್ರಿಲಿನ ಮೊದಲ ಬೆಚ್ಚನೆಯ ಬೆಳಿಗ್ಗೆ ಗಾಡಿ ಹೊರತೆಗೆಯುವವರು ನೀವೇ ಆಗಿರಬೇಕೆಂದಿಲ್ಲ, ಅವಸರದ ಮಗಳೋ ಅಳಿಯನೋ ಆಗಿರಬಹುದು. ಕೀಲಿ ತೂರಿಸಲು ಹೋದ ಅವರ ಕೈಗೆ ಮೊದಲು ಆ ರಟ್ಟು ಸಿಗುತ್ತದೆ.